ಅಂತರಾ ಇಂಜೆಕ್ಷನ್ ಮತ್ತು ನಿನ್ನ ಎಲುಬು

ಬ್ಯಾಡಗಿ

ಚಿ. ಸೌ. ರೇಣುಕಾ,

ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ತಗೊಳ್ಳುವ ಅಂತರಾ ಇಂಜೆಕ್ಷನ್ನಿನಿಂದ ಎಲುಬು ಟೊಳ್ಳಾಗುತ್ತವೆಂದು ಗೆಳತಿಯರು ಹೇಳುತ್ತಾರೆ, ಬಿಟ್ಟುಬಿಡಲೇ ಎಂದು ಕೇಳಿದ್ದಿ. ಫೋನಿನಲ್ಲಿ ಅವಸರದಲ್ಲಿ ಮುಗಿಸುವ ಮಾತಲ್ಲ ಇದು. ಉಪಕೇಂದ್ರದಲ್ಲಿ ಸಿಸ್ಟರ್ ಆಗಿ ದುಡಿದವಳು ನಾನು. ನಿನಗೆ ಅರ್ಧ ಹೇಳಿ ಅರ್ಧ ಬಚ್ಚಿಡಲಾರೆ.

ನಿನ್ನ ಗೆಳತಿಯರ ಮಾತು ಪೂರ್ತಿ ಸುಳ್ಳಲ್ಲ. ಆ ಇಂಜೆಕ್ಷನ್ನಿನಲ್ಲಿರುವ ಡಿಎಂಪಿಎ ಎಂಬ ಹಾರ್ಮೋನು ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಜೊತೆಗೇ ಮೈಯಲ್ಲಿ ಈಸ್ಟ್ರೋಜನ್ ಇಳಿಯುತ್ತದೆ. ಎಲುಬು ದಿನಾಲೂ ಒಂದಿಷ್ಟು ಸವೆದು ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಆ ಸವೆತಕ್ಕೆ ಕಡಿವಾಣ ಹಾಕುವುದು ಈಸ್ಟ್ರೋಜನ್. ಐದು ವರ್ಷ ಬಿಡದೆ ತಗೊಂಡವರಲ್ಲಿ ಬೆನ್ನು, ಸೊಂಟದ ಎಲುಬಿನ ಸಾಂದ್ರತೆ ಶೇ. 5ರಿಂದ 6ರಷ್ಟು ಇಳಿದದ್ದು ಕಂಡುಬಂದಿದೆ, ಅದೂ ಮೊದಲ ಎರಡು ವರ್ಷಗಳಲ್ಲೇ ಹೆಚ್ಚು. ಅದಕ್ಕೇ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಬೇರೆ ವಿಧಾನ ಹೊಂದಿಕೆಯಾಗದಿದ್ದರೆ ಮಾತ್ರ ಎರಡು ವರ್ಷ ದಾಟಿ ಬಳಸಿ ಎಂಬ ಎಚ್ಚರಿಕೆ ಹಾಕಿಸಿತು.

ಇನ್ನುಳಿದ ಅರ್ಧ ಕೇಳು. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಹೋದದ್ದು ಬಹುಮಟ್ಟಿಗೆ ತಿರುಗಿ ಬರುತ್ತದೆ, ಆದರೆ ವರ್ಷಗಳು ಬೇಕು. ನೀನು ಮಗನಿಗೆ ಎದೆಹಾಲು ಕುಡಿಸುವಾಗಲೂ ನಿನ್ನ ಎಲುಬಿನ ಕ್ಯಾಲ್ಸಿಯಂ ಹೀಗೇ ಇಳಿದು, ಹಾಲು ಬಿಡಿಸಿದ ಮೇಲೆ ತುಂಬಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 18ರಿಂದ 45ರ ವಯಸ್ಸಿನವರಿಗೆ ಈ ಇಂಜೆಕ್ಷನ್ ಬಗ್ಗೆ ನಿರ್ಬಂಧ ಹೇಳಿಲ್ಲ. ಅದಕ್ಕಿಂತ ಚಿಕ್ಕವರಿಗೆ ಎಲುಬು ಇನ್ನೂ ಕೂಡುವ ಕಾಲ, ದೊಡ್ಡವರಿಗೆ ಮುಟ್ಟು ನಿಲ್ಲುವ ಕಾಲ. ಅವರಿಗೆ ಮಾತ್ರ ತೂಗಿನೋಡಿ ಕೊಡಬೇಕು.

ಇನ್ನು ನಿನ್ನ ಬೆನ್ನುನೋವು ಇಂಜೆಕ್ಷನ್ನಿನದೇ ಎಂಬ ವಿಚಾರ. ಎಲುಬು ತೆಳುವಾಗುವುದು ನೋವು ಕೊಟ್ಟು ತಿಳಿಸುವುದಿಲ್ಲ, ಮುರಿದಾಗಲೇ ಗೊತ್ತಾಗುವುದು. ಸಂಜೆಯೆಲ್ಲ ಹತ್ತಿ ಗಿಡಕ್ಕೆ ಬಾಗಿ ಹೂವಿನ ಕೇಸರ ಕಿತ್ತು, ಮರುದಿನ ಬೆಳಗ್ಗೆ ಮತ್ತೆ ಬಾಗಿ ಪರಾಗ ಹಚ್ಚುವ ರಾಣೆಬೆನ್ನೂರಿನ, ತಳಿ ಬೆರೆಸುವ ಕ್ರಾಸಿಂಗ್ ಕೆಲಸದವರಿಗೆ ಬೆನ್ನು ನೋಯದೆ ಇದ್ದೀತೇ? ಇಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ತೆಗೆಯುವವರೂ ಅದನ್ನೇ ಹೇಳುತ್ತಾರೆ, ಅವರಲ್ಲಿ ಎಷ್ಟೋ ಮಂದಿ ಇಂಜೆಕ್ಷನ್ನಿನ ಮುಖವನ್ನೇ ಕಂಡವರಲ್ಲ. ಆದರೂ ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸು.

ನನಗೆ ಹೆಚ್ಚು ಚಿಂತೆ ನಿನ್ನ ತಾಟಿನದು. ಹೆಣ್ಣುಮಗಳಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ನಮ್ಮ ಜೋಳದಲ್ಲಿ 100 ಗ್ರಾಮಿಗೆ 30 ಮಿಲಿಗ್ರಾಮೂ ಇಲ್ಲ, ರಾಗಿಯಲ್ಲಿ 350ರ ಆಸುಪಾಸು. ಎಮ್ಮೆ ಹಿಂಡಿದ ಹಾಲೆಲ್ಲ ಡೇರಿಗೆ ಹೋಗಿ, ಉಳಿದದ್ದು ಗಂಡಸರ ಚಹಾಕ್ಕೆ ಮುಗಿದರೆ ನಿನಗೇನು ಉಳಿಯಿತು? ನಿನ್ನ ಪಾಲಿನ ಹಾಲು, ಮೊಸರು ಮೊದಲೇ ತೆಗೆದಿಡು. ರೊಟ್ಟಿಯ ಜೊತೆ ರಾಜಗಿರಿ ಪಲ್ಯ, ಎಳ್ಳಿನ ಚಟ್ನಿ ಇರಲಿ, ವಾರಕ್ಕೆ ಎರಡು ಸಲವಾದರೂ ರಾಗಿ ಅಂಬಲಿ ಕುಡಿ. ಅತ್ತೆಯವರು ಏನಾದರೂ ಅಂದರೆ ನನ್ನ ಹೆಸರು ಹೇಳು.

2017ರಲ್ಲಿ ಸರ್ಕಾರ ಅಂತರಾ ತಂದಾಗ ನನಗೆ ಸಂತೋಷವಾಗಿತ್ತು. ನಮ್ಮ ಕಡೆ ಎರಡು ಮಕ್ಕಳಾದ ಕೂಡಲೇ, ಇಪ್ಪತ್ತೈದು ತುಂಬುವ ಮೊದಲೇ ಆಪರೇಷನ್ ಮಾಡಿಸಿಕೊಂಡ ಎಷ್ಟು ಹುಡುಗಿಯರನ್ನು ಕಂಡಿದ್ದೇನೆ! ಮಕ್ಕಳ ನಡುವೆ ಅಂತರ ಇಡಲು ಪುಕ್ಕಟೆ ಸಿಗುವ ಒಳ್ಳೆಯ ದಾರಿ ಇದು. ಆದರೆ ಎಲುಬಿನ ವಿಷಯವನ್ನು ಮೊದಲ ಸೂಜಿಗೆ ಮುಂಚೆಯೇ ಹೇಳಬೇಕು. ನಿನಗೆ ಯಾರೂ ಹೇಳಿರಲಿಲ್ಲ, ಅದು ತಪ್ಪು.

ಬರುವ ದೀಪಾವಳಿಗೆ ನಿನಗೆ ಎರಡು ವರ್ಷ ತುಂಬುತ್ತದೆ. ಆಗ ಜಿಲ್ಲಾಸ್ಪತ್ರೆಗೆ ಹೋಗಿ, ಮುಂದುವರಿಸಲೇ, ಬದಲಿಸಲೇ ಎಂದು ಡಾಕ್ಟರನ್ನು ಕೇಳು. ಸ್ಟಿರಾಯ್ಡ್ ಮಾತ್ರೆ ತಗೊಂಡಿದ್ದರೆ, ಮನೆತನದಲ್ಲಿ ಸಣ್ಣ ಏಟಿಗೇ ಎಲುಬು ಮುರಿದವರಿದ್ದರೆ ಮುಚ್ಚಿಡಬೇಡ. ಬದಲಿಸುವುದಾದರೆ ಕಾಪರ್-ಟಿ ಇದೆ, ಅದರಲ್ಲಿ ಹಾರ್ಮೋನೇ ಇಲ್ಲ. ವಾರಕ್ಕೊಂದರಂತೆ ನುಂಗುವ ಛಾಯಾ ಮಾತ್ರೆಯೂ ಇದೆ. ಮೊದಲ ಮೂರು ತಿಂಗಳು ಮಾತ್ರ ವಾರಕ್ಕೆ ಎರಡು. ಎರಡನೆಯ ಮಗುವಿನ ಆಸೆಯಿದ್ದರೆ ಇದೂ ನೆನಪಿರಲಿ: ಕೊನೆಯ ಇಂಜೆಕ್ಷನ್ನಿನ ನಂತರ ಬಸಿರಾಗಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು.

ಹೆದರಿ ಸುಮ್ಮನೆ ಡೋಸ್ ತಪ್ಪಿಸಬೇಡ. ಕಾರ್ಡಿನಲ್ಲಿ ಬರೆದ ತಾರೀಖಿಗೆ ಹೋಗು. ಇಂಜೆಕ್ಷನ್ ಬೇಡ ಅನಿಸಿದರೆ ಬೇರೆ ವಿಧಾನ ಕೇಳಿ ಅಂದೇ ಶುರು ಮಾಡಿಸಿಕೊಂಡು ಮನೆಗೆ ಬಾ.

ನಿನ್ನ ದೊಡ್ಡವ್ವ