ಖಾನೇಷುಮಾರಿಯೂ ನಮ್ಮ ವಂಶವೃಕ್ಷವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅಜ್ಜನು ನೆಟ್ಟ ಮರದಿಂದ ಮೊಮ್ಮಗನು ಕಾಯಿ ಕೀಳಿಸುವುದು ಸಾಮಾನ್ಯವಾದ ಸಂಗತಿ. ಆದರೆ ಆ ಅಜ್ಜನ ತಂದೆ ಯಾರು, ಅವರು ಹುಟ್ಟಿದುದು ಯಾವ ವರ್ಷ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ವಿದ್ಯಾರ್ಥಿಗಳು ಸುಮ್ಮನಾಗುವರು. 1871ರಿಂದ 2011ರವರೆಗೆ ಹತ್ತು ವರ್ಷಗಳಿಗೊಮ್ಮೆ ಸರ್ಕಾರವು ನಮ್ಮ ಮನೆಗಳ ಜನರನ್ನು ಎಣಿಸುತ್ತ ಬಂದಿದೆಯಷ್ಟೆ. ಹಾಗಾದರೆ ಆ ಲೆಕ್ಕದಲ್ಲಿ ನಮ್ಮ ಮುತ್ತಜ್ಜನ ಹೆಸರು ಸಿಕ್ಕಬೇಡವೆ?

ಇಂಗ್ಲೆಂಡಿನಲ್ಲಿ ಸಿಕ್ಕುತ್ತದೆ. ಅಲ್ಲಿ ಪ್ರತಿ ಮನೆಯವರು ತುಂಬಿಕೊಟ್ಟ ಪಟ್ಟಿಯನ್ನು 100 ವರ್ಷ ಗುಟ್ಟಾಗಿರಿಸಿ, ಅನಂತರ ಸಾರ್ವಜನಿಕರಿಗೆ ತೆರೆಯುವರು. 1921ರ ಪಟ್ಟಿಗಳು 2022ರಲ್ಲಿ ಹೊರಬಂದುವು. ಅಮೆರಿಕದಲ್ಲಿ ಈ ಅವಧಿ 72 ವರ್ಷ. ನಮ್ಮಲ್ಲಿ ಪದ್ಧತಿಯೇ ಬೇರೆ. ಶಾನುಭೋಗರೂ ಶಾಲೆಯ ಉಪಾಧ್ಯಾಯರೂ ಮನೆಮನೆಗೆ ಹೋಗಿ ಬರೆದ ಪಟ್ಟಿಗಳನ್ನು, ಅವುಗಳಿಂದ ಕೋಷ್ಟಕಗಳು ಸಿದ್ಧವಾದ ಮೇಲೆ ಉಳಿಸುತ್ತಿರಲಿಲ್ಲ. 1948ರ ಜನಗಣತಿ ಕಾನೂನು ಕೂಡ ವ್ಯಕ್ತಿಗಳ ವಿವರವನ್ನು ಇತರರು ನೋಡದಂತೆ ಕಾಪಾಡುತ್ತದೆ. ಆದುದರಿಂದ ನಮ್ಮ ಗಣತಿಯ ಸಂಪುಟಗಳಲ್ಲಿ ಹೆಸರುಗಳನ್ನು ಹುಡುಕುವುದು ವ್ಯರ್ಥ.

ಹಾಗೆಂದು ಆ ಸಂಪುಟಗಳನ್ನು ಮುಚ್ಚಿಡಬೇಕಾಗಿಲ್ಲ. ಭೌತವಿಜ್ಞಾನದಿಂದ ಒಂದು ಉಪಮಾನವನ್ನು ತೆಗೆದುಕೊಳ್ಳೋಣ. ಪಾತ್ರೆಯೊಂದರಲ್ಲಿ ತುಂಬಿದ ಅನಿಲದ ಒಂದೊಂದು ಅಣುವಿನ ಚಲನೆಯನ್ನೂ ನಾವು ಅರಿಯೆವು. ಆದರೂ ಅದರ ಒತ್ತಡವನ್ನೂ ಉಷ್ಣತೆಯನ್ನೂ ನಿಖರವಾಗಿ ಅಳೆಯಬಲ್ಲೆವು. ಗಣತಿಯ ಜ್ಞಾನವೂ ಇಂತಹದೇ. ಅದು ವ್ಯಕ್ತಿಯನ್ನು ಹೇಳುವುದಿಲ್ಲ. ಆ ವ್ಯಕ್ತಿಯು ಬಾಳಿದ ಸಮೂಹದ ಸ್ಥಿತಿಯನ್ನು ಹೇಳುತ್ತದೆ.

ಗಣತಿಗೆ ಹಳೆಯ ಮೈಸೂರಿನಲ್ಲಿ 'ಖಾನೇಷುಮಾರಿ' ಎಂದು ಹೆಸರು. ಮನೆಗಳ ಎಣಿಕೆ ಎಂದು ಅದರ ಅರ್ಥ. ಸಂಸ್ಥಾನದ ಮೊದಲನೆಯ ಕ್ರಮಬದ್ಧ ಗಣತಿ ನಡೆದುದು 1871ರ ನವೆಂಬರ್ 14ರಂದು. ಶಾಸನಗಳ ಸಂಶೋಧನೆಯಿಂದ ನಮಗೆಲ್ಲ ಪರಿಚಿತರಾದ ಬಿ. ಎಲ್. ರೈಸ್ ಅವರು 1881ರ ಗಣತಿಯ ವರದಿಯನ್ನು ಬರೆದರು. 1931ರ ಗಣತಿಯ ಮೇಲ್ವಿಚಾರಣೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದಾಗಿದ್ದಿತು.

ಮೊದಲ ಎರಡು ಗಣತಿಗಳ ಮೊತ್ತವನ್ನು ನೋಡಿ. ಸಂಸ್ಥಾನದಲ್ಲಿ 1871ರಲ್ಲಿ 50,55,412 ಜನರಿದ್ದರು. 1881ರಲ್ಲಿ 41,86,188 ಜನ. ಬೆಳೆಯಬೇಕಾಗಿದ್ದ ಜನಸಂಖ್ಯೆಯು ಶೇಕಡಾ 17ರಷ್ಟು ಕುಗ್ಗಿತು. ಕಾರಣ, 1876ರಿಂದ 1878ರವರೆಗಿನ ಮಹಾಕ್ಷಾಮ. ಇದನ್ನು ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದರು. ತುಮಕೂರು ಮುಂತಾದ ಬಯಲುಸೀಮೆಯ ಜಿಲ್ಲೆಗಳಿಗೆ ಇದರ ಪೆಟ್ಟು ಬಲವಾಗಿ ತಗುಲಿತು. ಸತ್ತವರು ಅನೇಕರು, ಊರು ಬಿಟ್ಟವರು ಹಲವರು, ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳೂ ಕಡಮೆ. ನಿಮ್ಮ ವಂಶವೃಕ್ಷದಲ್ಲಿ ಆ ಕಾಲದ ಕೊಂಬೆಗಳು ಬೋಳಾಗಿ ಕಂಡರೆ, ಅದಕ್ಕೆ ಮನೆಯವರ ಮರೆವೊಂದೇ ಕಾರಣವೆಂದು ತಿಳಿಯಬಾರದು.

ಈಗ ಹುಡುಕುವ ಕ್ರಮವನ್ನು ನೋಡೋಣ. ಮೂರು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು ಸ್ಥಳ. ಇಂದಿನ ತಾಲ್ಲೂಕಿನ ಹೆಸರು ಹಳೆಯ ಕಾಗದದಲ್ಲಿ ಇರಬೇಕೆಂಬ ನಿಯಮವಿಲ್ಲ. ತಿಪಟೂರು ತಾಲ್ಲೂಕಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊನ್ನವಳ್ಳಿ ತಾಲ್ಲೂಕೆಂಬ ಹೆಸರಿದ್ದಿತು. ತುರುವೇಕೆರೆಯು ಮುಂದೆ ತಿಪಟೂರಿಗೆ ಸೇರಿದ ಉಪತಾಲ್ಲೂಕಾಗಿಯೂ ಇದ್ದಿತು. ಊರು ಅಲ್ಲಿಯೇ ಇರುತ್ತದೆ, ಅದನ್ನು ಸೇರಿಸಿದ ಶೀರ್ಷಿಕೆ ಬದಲಾಗುತ್ತದೆ.

ಎರಡನೆಯದು ಕಾಲ. ಜಾತಕಗಳಲ್ಲಿ ಸಂವತ್ಸರದ ಹೆಸರಿರುವುದೇ ಹೆಚ್ಚು. ಸಂವತ್ಸರ ಚಕ್ರವು 60 ವರ್ಷ ಆವರ್ತಕಾಲವುಳ್ಳ ಒಂದು ಗಡಿಯಾರ. 1867ರ ಯುಗಾದಿಗೆ ಪ್ರಭವ ಆರಂಭವಾಯಿತು. ಅಲ್ಲಿಂದ ಎಣಿಸಿದರೆ ಹತ್ತನೆಯದಾದ ಧಾತುವು 1876ರಲ್ಲಿ ಬಂದಿತು. ಅದೇ ಹೆಸರು 1936ರಲ್ಲಿಯೂ 1996ರಲ್ಲಿಯೂ ಮರಳಿತು. ಸಂವತ್ಸರವು ಯುಗಾದಿಯಿಂದ ಯುಗಾದಿಗೆ ಎಂಬುದನ್ನು ಮರೆಯಬಾರದು.

ಮೂರನೆಯದು ವಯಸ್ಸು. ಹುಟ್ಟಿದ ದಿನವನ್ನು ಅರಿಯದವರು ವಯಸ್ಸನ್ನು 30, 35, 40 ಎಂದು ಉಜ್ಜಾಯಿಸಿ ಹೇಳುವರು. 23ರಿಂದ 62ರವರೆಗಿನ 40 ವಯಸ್ಸುಗಳಲ್ಲಿ ಸೊನ್ನೆಯಿಂದ ಅಥವಾ ಐದರಿಂದ ಕೊನೆಗೊಳ್ಳುವುವು 8, ಎಂದರೆ ಐದರಲ್ಲಿ ಒಂದು ಪಾಲು. ಕೋಷ್ಟಕವೊಂದರಲ್ಲಿ ಈ ವಯಸ್ಸುಗಳ ಜನ ಐದರಲ್ಲಿ ಒಂದು ಪಾಲಿಗಿಂತ ಬಹಳ ಹೆಚ್ಚಾಗಿದ್ದರೆ, ಹೇಳಿದವರು ಊಹಿಸಿ ಹೇಳಿದರೆಂದು ತಿಳಿಯಬೇಕು. ಹಳೆಯ ಪತ್ರದಲ್ಲಿ 'ವಯಸ್ಸು 40' ಎಂದಿದ್ದರೆ, ಪ್ರಯೋಗಶಾಲೆಯ ಅಳತೆಯಂತೆ, ಅದಕ್ಕೂ ಒಂದಷ್ಟು ದೋಷಾಂಶವನ್ನು ಇಟ್ಟುಕೊಂಡೇ ಓದಬೇಕು.

ಹೆಸರುಗಳು ದೊರೆಯುವ ಆಕರಗಳು ಬೇರೆ. ಮೈಸೂರಿನಲ್ಲಿ 1863ರಲ್ಲಿ ಆರಂಭವಾದ ಕಂದಾಯ ಮೋಜಣಿಯ ದಾಖಲೆಗಳು ಸರ್ವೆ ನಂಬರಿನೊಡನೆ ಖಾತೆದಾರನ ಹೆಸರನ್ನು ಕೊಡುತ್ತವೆ. ಪಹಣಿಯ ಬೆಳೆಯ ಕಲಮಿನಲ್ಲಿ ರಾಗಿ ಹೋಗಿ ತೆಂಗು ಬಂದ ವರ್ಷವನ್ನು ಗುರುತಿಸಿದರೆ, ತೋಟವನ್ನು ಯಾರ ಕಾಲದಲ್ಲಿ ಎಬ್ಬಿಸಿದರೆಂಬುದೂ ಹೊಳೆಯುತ್ತದೆ. ಶಾಲೆಯ ದಾಖಲಾತಿ ಪುಸ್ತಕ, ಜನನ-ಮರಣಗಳ ಪುಸ್ತಕ, ವಿಭಾಗಪತ್ರ ಇವುಗಳನ್ನೂ ನೋಡಬೇಕು. ಇನ್ನು ಕರ್ನಾಟಕದ ಹಲವು ಭಾಗಗಳಲ್ಲಿ ಒಕ್ಕಲು ಮನೆಗಳಿಗೆ ಬಂದು ವಂಶಾವಳಿಯನ್ನು ಓದಿ ಹೇಳುವ ಹೆಳವರಿದ್ದಾರೆ. ಸರ್ಕಾರದ ಕಾಗದದಲ್ಲಿಲ್ಲದ ಹೆಸರು ಅವರ ಪುಸ್ತಕದಲ್ಲಿ ಇರಬಹುದು.

ಇವೆಲ್ಲವನ್ನೂ ಜೋಡಿಸುವ ಬಗೆಗೆ ಒಂದು ಕಲ್ಪಿತ ಉದಾಹರಣೆ. ಚಿಕ್ಕನಾಯಕನಹಳ್ಳಿಯ ಕಡೆಯ ಒಬ್ಬರ ಜಾತಕದಲ್ಲಿ ಧಾತು ಸಂವತ್ಸರ ಎಂದಷ್ಟೇ ಇದೆ. ಶಾಲೆಯ ಪುಸ್ತಕದಂತೆ ಅವರ ಮಗ ಹುಟ್ಟಿದುದು 1908ರಲ್ಲಿ. 1936 ಅಸಾಧ್ಯ, 1816 ಎಂದರೆ ತಂದೆಗೆ ಆಗ 92 ವರ್ಷವಾಗಬೇಕು. ಉಳಿದುದು 1876. ಹಾಗಿದ್ದರೆ 1881ರ ಫೆಬ್ರುವರಿ 17ರ ಗಣತಿಯಲ್ಲಿ ಆ ಮಗುವಿಗೆ 3 ಅಥವಾ 4 ವರ್ಷ ತುಂಬಿದ್ದಿರಬೇಕು. ಬರದಲ್ಲಿ ಹುಟ್ಟಿಯೂ ಉಳಿದ ಮಕ್ಕಳಲ್ಲಿ ಅದೊಂದು. ಜಾತಕವು ಸಂವತ್ಸರವನ್ನು, ಶಾಲೆಯು ಶತಮಾನವನ್ನು, ಗಣತಿಯು ಆ ಜನ್ಮದ ಕಷ್ಟವನ್ನು ತಿಳಿಸಿದುವು. ಒಂದೇ ಆಕರವು ಇಷ್ಟನ್ನೂ ಹೇಳುತ್ತಿರಲಿಲ್ಲ. ಆದರೆ ಆ ಮಗುವಿನ ಒಡಹುಟ್ಟಿದವರು ಬರದಲ್ಲಿ ತೀರಿಕೊಂಡರೆಂದು ಗಣತಿಯ ಮೊತ್ತದಿಂದಲೇ ನಿರ್ಣಯಿಸಕೂಡದು. ಸಮೂಹದ ಸರಾಸರಿಯು ಒಂದು ಮನೆಗೆ ಸಾಕ್ಷಿಯಾಗಲಾರದು.

ಹಳೆಯ ಗಣತಿ ವರದಿಗಳನ್ನು ಜನಗಣತಿ ಇಲಾಖೆಯ ಅಂತರ್ಜಾಲ ಗ್ರಂಥಾಲಯದಲ್ಲಿ ಓದಬಹುದು. 1951ರಿಂದೀಚಿನ ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ಹಳ್ಳಿಹಳ್ಳಿಯ ಜನಸಂಖ್ಯೆ ಸಿಕ್ಕುತ್ತದೆ. ಜಮೀನಿನ ಹಳೆಯ ದಾಖಲೆಗಳಿಗೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಬೇಕು. ಆದರೆ ಮೊದಲು ಮಾಡಬೇಕಾದ ಕೆಲಸಕ್ಕೆ ಅರ್ಜಿ ಬೇಕಿಲ್ಲ. ಮನೆಯಲ್ಲಿರುವ ಹಿರಿಯರ ಬಳಿ ಕುಳಿತು ಹೆಸರು, ಊರು, ಸಂವತ್ಸರ, ಬರ, ಪ್ಲೇಗು ಎಂದು ಅವರು ನೆನೆದಂತೆ ಬರೆದುಕೊಳ್ಳಿ. ಹೇಳಿದವರ ಹೆಸರನ್ನೂ ತಾರೀಖನ್ನೂ ಕೆಳಗೆ ಕಾಣಿಸಿ. ಕಚೇರಿಯ ಕಾಗದವು ಬರುವ ವರ್ಷವೂ ಸಿಕ್ಕೀತು. ಹಿರಿಯರ ನೆನಪನ್ನು ಮಾತ್ರ ಈ ರಜೆಯಲ್ಲಿಯೇ ಬರೆದಿಡುವುದು ಒಳ್ಳೆಯದು.