ಅಪ್ಪನ ನಿವೃತ್ತಿಗೆ ಒಂದು ಒಳ್ಳೆಯ ಬಾಟಲಿ

ಪೀಣ್ಯದ ಕಾರ್ಖಾನೆಯಿಂದ ನಿವೃತ್ತರಾಗುತ್ತಿರುವ ಅಪ್ಪನಿಗೆ ದೊಡ್ಡ ಹೋಟೆಲಿನಲ್ಲಿ ಊಟ, ಅಪರೂಪದ ವೈನ್ ಕೊಡಿಸುವುದು ದುಂದುವೆಚ್ಚವೇ ಎಂದು ಕೇಳಿದ್ದೀರಿ. ಸಾಲ ಮಾಡದೆ ಆಗುವುದಾದರೆ ಖಂಡಿತ ಅಲ್ಲ. ದುಡಿದ ಜೀವಕ್ಕೆ ಒಂದು ಸಂಜೆಯ ಸಂಭ್ರಮ ಸಲ್ಲಲೇಬೇಕು.

ಆದರೆ ಅಪರೂಪದ್ದು ಫ್ರಾನ್ಸ್‌ನಿಂದಲೇ ಬರಬೇಕಿಲ್ಲ. ನೀವಿರುವ ಟಿ. ದಾಸರಹಳ್ಳಿಯಿಂದ ತೀರಾ ದೂರವಲ್ಲದ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ಸೀಮೆಯಲ್ಲಿ, ಗ್ರೋವರ್ ಝಂಪಾ ದ್ರಾಕ್ಷಿತೋಟವಿದೆ. ಅವರ ‘ಲಾ ರಿಸರ್ವ್’ ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ಬೆರೆಸಿ, ಓಕ್ ಪೀಪಾಯಿಯಲ್ಲಿ ಮಾಗಿಸಿದ ಕೆಂಪು ವೈನ್. ಮಟನ್ ಖಾದ್ಯಕ್ಕೆ ಚೆನ್ನಾಗಿ ಒಗ್ಗುತ್ತದೆ. ಖಾರ ಜಾಸ್ತಿಯಾದರೆ ಮಾತ್ರ ಅದರ ಒಗರು ನಾಲಿಗೆಗೆ ಒರಟೆನಿಸುತ್ತದೆ; ಆಗ ತುಸು ಸಿಹಿಯಿರುವ ಬಿಳಿ ವೈನ್ ಕೇಳಿ. ಕೆಂಪು ವೈನ್‌ಗೆ 16ರಿಂದ 18 ಡಿಗ್ರಿ ಹದ. ನಮ್ಮ ಬೇಸಿಗೆಯ ಕೋಣೆ ಅದಕ್ಕಿಂತ ಬೆಚ್ಚಗಿರುತ್ತದೆ, ಸ್ವಲ್ಪ ತಂಪಾಗಿಸಲು ಹೇಳಿ. 750 ಮಿ.ಲೀ. ಬಾಟಲಿಯಲ್ಲಿ ಐದು ಲೋಟ ಬರುತ್ತದೆ, ಒಂದೇ ಬಾಟಲಿ ಸಾಕು.

ಅಪ್ಪ ಬಿ.ಪಿ., ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ವೈದ್ಯರನ್ನು ವಿಚಾರಿಸಿ. ಅಮ್ಮ ಒಲ್ಲೆನೆಂದರೆ ಒತ್ತಾಯ ಬೇಡವೇ ಬೇಡ; ಅವರಿಗಿಷ್ಟವಾದ ಅಡುಗೆ ಸಿಗುವ ಕಡೆಯೇ ಮೇಜು ಕಾದಿರಿಸಿ. ಕಾರು ಮನೆಯಲ್ಲಿರಲಿ. ಹೋಟೆಲು ಎಂ.ಜಿ. ರಸ್ತೆಯ ಕಡೆಯಾದರೆ, ದಾಸರಹಳ್ಳಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಸಾಕು. ಕೊನೆಯ ರೈಲಿನ ವೇಳೆಯನ್ನು ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ.