ಹೊಸ ಹಡಪಕ್ಕೆ ಏನೇನು ಬೇಕು?

ಸಲೂನ್ ತೆರೆಯಲು ಹೊರಟ ಹುಡುಗರು ಸಾಮಾನ್ಯವಾಗಿ ಮೊದಲು ಕುರ್ಚಿ, ಕನ್ನಡಿ, ಬಣ್ಣದ ದೀಪಗಳ ಲೆಕ್ಕ ಹಾಕುತ್ತಾರೆ. ಉಳಿದ ಹಣದಲ್ಲಿ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಕಿಟ್ ಒಂದನ್ನು ತರಿಸಿಕೊಳ್ಳುತ್ತಾರೆ. ಕೆಲವೇ ತಿಂಗಳಲ್ಲಿ ಆ ಕಿಟ್‌ನ ಅರ್ಧ ಸಾಮಾನು ಮೂಲೆ ಸೇರುತ್ತದೆ, ಕತ್ತರಿ ಕೂದಲನ್ನು ಕತ್ತರಿಸುವ ಬದಲು ಮಡಚತೊಡಗುತ್ತದೆ. ಈ ಲೆಕ್ಕವನ್ನು ತಿರುಗಿಸಿ ಹಾಕಬೇಕು. ಕೈಯಲ್ಲಿ ಹಿಡಿಯುವ ಸಾಮಾನು ಮೊದಲು, ಕಣ್ಣಿಗೆ ಕಾಣುವ ಸಾಮಾನು ಆಮೇಲೆ. ಒಂದು ಕುರ್ಚಿಯ ಅಂಗಡಿಗೆ ನಿಜಕ್ಕೂ ಬೇಕಾದ ಸಲಕರಣೆಗಳು ಹೆಚ್ಚೇನಿಲ್ಲ. ಅವನ್ನು ಯಾವ ಕ್ರಮದಲ್ಲಿ ಕೊಳ್ಳಬೇಕು, ಯಾವುದನ್ನು ಯಾವ ಕೆಲಸಕ್ಕೆ ಬಳಸಬೇಕು, ಹೇಗೆ ಇಟ್ಟುಕೊಳ್ಳಬೇಕು ಎಂಬ ವಿವರ ಇಲ್ಲಿದೆ. ಮನೆಯಲ್ಲೇ ಮಕ್ಕಳ ಕೂದಲು ಕತ್ತರಿಸುವವರಿಗೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲ ಖರ್ಚು ಕತ್ತರಿಗೆ

ಹೊಲಿಗೆಯ ಕತ್ತರಿ, ಅಡುಗೆಮನೆಯ ಕತ್ತರಿ ಎಷ್ಟೇ ಹರಿತವಿದ್ದರೂ ಕೂದಲಿಗೆ ಒದಗುವುದಿಲ್ಲ. ಅವುಗಳ ಅಂಚು ದಪ್ಪ. ಕೂದಲು ಅದರ ನಡುವೆ ಜಾರಿ, ತುದಿ ಜಜ್ಜಿಹೋಗುತ್ತದೆ. ಹಾಗೆ ಜಜ್ಜಿದ ತುದಿಯೇ ಮುಂದೆ ಸೀಳಾಗುವುದು. ಕ್ಷೌರದ ಕತ್ತರಿಯನ್ನು ಅಲಗಿನ ತುದಿಯಿಂದ ಉಂಗುರದ ಕೊನೆಯವರೆಗೆ ಅಳೆಯುತ್ತಾರೆ. ಕಿರುಬೆರಳು ಊರುವ ಕೊಕ್ಕೆ ಅಳತೆಗೆ ಸೇರುವುದಿಲ್ಲ. 5ರಿಂದ 5.5 ಇಂಚಿನದು ಹೆಂಗಸರ ಕೂದಲಿಗೆ, ಮುಂಗೂದಲಿಗೆ, ಕಿವಿಯ ಸುತ್ತಿನ ಸೂಕ್ಷ್ಮ ಕೆಲಸಕ್ಕೆ. 6.5ರಿಂದ 7 ಇಂಚಿನದು ಬಾಚಣಿಗೆಯ ಮೇಲೆ ಓಡಿಸಿ ಗಂಡಸರ ಪಕ್ಕದ ಕೂದಲು ಕತ್ತರಿಸುವುದಕ್ಕೆ. ಒಂದನ್ನೇ ಕೊಳ್ಳುವ ಶಕ್ತಿ ಇದ್ದರೆ 6 ಇಂಚಿನದನ್ನು ಕೊಳ್ಳಿ, ಎರಡೂ ಕೆಲಸ ಸಾಗುತ್ತದೆ.

ಉಕ್ಕು ಯಾವುದೆಂದು ಕೇಳಿ. 440ಸಿ ಎಂಬ ಸ್ಟೇನ್‌ಲೆಸ್ ಉಕ್ಕು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಅದರಲ್ಲಿ ಸುಮಾರು ಶೇ 1ರಷ್ಟು ಇಂಗಾಲವಿದೆ, ಹರಿತ ನಿಲ್ಲುವುದು ಅದರಿಂದ. ಶೇ 16ರಿಂದ 18ರಷ್ಟು ಕ್ರೋಮಿಯಂ ಇದೆ, ತುಕ್ಕು ತಡೆಯುವುದು ಅದರಿಂದ. ಅಲಗಿನಲ್ಲೂ ಎರಡು ಬಗೆ. ಒಂದರ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿದ್ದು ಕೂದಲು ಜಾರದಂತೆ ಹಿಡಿಯುತ್ತವೆ. ಇನ್ನೊಂದು ನುಣುಪಾದ ಉಬ್ಬು ಅಂಚಿನದು, ಕೂದಲ ಎಳೆಯ ಉದ್ದಕ್ಕೂ ಜಾರಿಸುತ್ತಾ ಕತ್ತರಿಸಲು ಬರುತ್ತದೆ. ಕಲಿಯುವವರಿಗೆ ಮೊದಲನೆಯದೇ ಸರಿ. ಎರಡನೆಯದು ಕೈ ಪಳಗಿದ ಮೇಲೆ ಸಾಕು.

ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ತೆಳು ಟಿಶ್ಯೂ ಕಾಗದವನ್ನು ನೀರಿನಲ್ಲಿ ಒದ್ದೆ ಮಾಡಿ ಕತ್ತರಿಸಿ. ಬುಡದಿಂದ ತುದಿಯವರೆಗೂ ಹರಿಯದೆ, ಮಡಚದೆ ಸಾಗಬೇಕು. ಆಮೇಲೆ ಒಂದು ಉಂಗುರ ಹಿಡಿದು, ಇನ್ನೊಂದನ್ನು ಪೂರ್ತಿ ಎತ್ತಿ ಕೈಬಿಡಿ. ಅಲಗು ತಾನಾಗಿ ಇಳಿದು, ಪೂರ್ತಿ ಮುಚ್ಚದೆ ಮೂರನೇ ಒಂದು ಭಾಗ ತೆರೆದು ನಿಲ್ಲಬೇಕು. ಪೂರ್ತಿ ಮುಚ್ಚಿದರೆ ತಿರುಪು ಸಡಿಲ, ಕೂದಲು ಮಡಚುತ್ತದೆ. ಇಳಿಯದೇ ಇದ್ದರೆ ಬಿಗಿ, ಸಂಜೆಯ ಹೊತ್ತಿಗೆ ಹೆಬ್ಬೆರಳು ನೋಯುತ್ತದೆ.

ಹಿಡಿಯುವುದು ಉಂಗುರ ಬೆರಳು ಮತ್ತು ಹೆಬ್ಬೆರಳಿನಿಂದ. ಹೆಬ್ಬೆರಳನ್ನು ಉಗುರಿನ ಬುಡದವರೆಗೆ ಮಾತ್ರ ತೂರಿಸಬೇಕು. ಆಡುವುದು ಅದೊಂದೇ, ಉಳಿದ ಅಲಗು ಅಲುಗಬಾರದು. ಕೂದಲು ಮುಟ್ಟುವ ಮುನ್ನ ಬರಿ ಗಾಳಿಯಲ್ಲಿ ಇದನ್ನು ಅಭ್ಯಾಸ ಮಾಡಿ. ಎಡಗೈಯವರು ಎಡಗೈ ಕತ್ತರಿಯನ್ನೇ ಕೊಳ್ಳಬೇಕು. ಬಲಗೈಯದನ್ನು ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದನ್ನೊಂದು ಒತ್ತುವ ಬದಲು ದೂರ ತಳ್ಳುತ್ತವೆ.

ಈ ಕತ್ತರಿಯಿಂದ ಶಾಂಪೂ ಪೊಟ್ಟಣ ಕತ್ತರಿಸಬೇಡಿ. ನೆಲಕ್ಕೆ ಬೀಳಿಸಬೇಡಿ, ಒಂದು ಸಲ ಬಿದ್ದರೂ ಅಲಗಿನ ಜೋಡಣೆ ಕೆಡಬಹುದು. ಸೈಕಲ್ ಚಕ್ರದ ಸಾಣೆಯವರು ಅಡುಗೆಮನೆಯ ಚಾಕುವಿಗೆ ಸರಿ, ಉಬ್ಬು ಅಂಚಿನ ಕತ್ತರಿಯನ್ನು ಅವರಿಗೆ ಕೊಟ್ಟರೆ ಅಂಚೇ ಚಪ್ಪಟೆಯಾಗಿ ಮರಳುತ್ತದೆ. ಕ್ಷೌರದ ಕತ್ತರಿಗೆಂದೇ ಸಾಣೆ ಹಿಡಿಯುವವರನ್ನು ಹುಡುಕಿ.

ಜೊತೆಗೆ ಒಂದು ತೆಳುಗೊಳಿಸುವ ಕತ್ತರಿ ಬೇಕು, ಒಂದು ಅಲಗಿನಲ್ಲಿ 28ರಿಂದ 40 ಹಲ್ಲುಗಳಿರುವಂಥದ್ದು. ದಟ್ಟ ಕೂದಲಿನ ಭಾರ ಇಳಿಸುವುದು, ಎರಡು ಉದ್ದಗಳ ನಡುವಿನ ಗೆರೆ ಅಳಿಸುವುದು ಇದರ ಕೆಲಸ. ಉದ್ದ ಕಡಿಮೆ ಮಾಡುವ ಕೆಲಸ ಇದರದಲ್ಲ. ಬುಡದ ಹತ್ತಿರ ಒತ್ತಿದರೆ ಮೋಟು ಕೂದಲು ವಾರದೊಳಗೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಎಳೆಯ ನಡುಭಾಗದಿಂದ ತುದಿಯ ಕಡೆಗೆ, ಒಂದೆರಡು ಒತ್ತು ಸಾಕು.

ಬಾಚಣಿಗೆ ಒಂದೇ ಸಾಲದು

ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಒತ್ತು ಹಲ್ಲಿನ ಏಳೆಂಟು ಇಂಚಿನ ಕಟಿಂಗ್ ಬಾಚಣಿಗೆ ದಿನದ ದುಡಿಮೆಯದು. ತುದಿಗೆ ಹೋದಂತೆ ಸಣ್ಣಗಾಗುವ ಬಾಚಣಿಗೆ ಕಿವಿಯ ಹಿಂದೆ ಮತ್ತು ಹೆಕ್ಕತ್ತಿನಲ್ಲಿ ಚರ್ಮಕ್ಕೆ ಅಂಟಿಕೊಂಡು ಸಾಗುತ್ತದೆ, ಕತ್ತರಿಯನ್ನು ಅದರ ಮೇಲೆ ಓಡಿಸಬೇಕು. ಬಾಲದ ಬಾಚಣಿಗೆ ಬೈತಲೆ ತೆಗೆಯಲು, ಉದ್ದ ಕೂದಲನ್ನು ಭಾಗ ಮಾಡಲು. ಅಗಲ ಹಲ್ಲಿನದು ಒದ್ದೆ ಕೂದಲಿಗೆ, ಗುಂಗುರು ಕೂದಲಿಗೆ. ನೀರು ಕುಡಿದ ಕೂದಲು ಹೆಚ್ಚು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಅದರಲ್ಲಿ ಒತ್ತು ಹಲ್ಲು ಹಾಕಿ ಎಳೆಯಬಾರದು. ಪ್ರತಿ ಬಗೆಯಲ್ಲೂ ಕನಿಷ್ಠ ಎರಡು ಇರಲಿ. ಒಂದು ಕೈಯಲ್ಲಿದ್ದಾಗ ಇನ್ನೊಂದು ಶುದ್ಧಿಯಾಗುತ್ತಿರಬೇಕು.

ಮಷೀನು ಮತ್ತು ಟ್ರಿಮ್ಮರ್

ಅಮೆರಿಕದ ಲಿಯೋ ವಾಲ್ 1919ರಲ್ಲಿ ವಿದ್ಯುತ್ ಕ್ಲಿಪ್ಪರ್‌ನ ಪೇಟೆಂಟ್‌ಗೆ ಅರ್ಜಿ ಹಾಕಿದರು. ನೂರು ವರ್ಷ ದಾಟಿದರೂ ಒಳಗಿನ ತತ್ವ ಬದಲಾಗಿಲ್ಲ: ಕೆಳಗೊಂದು ನಿಂತ ಅಲಗು, ಮೇಲೊಂದು ಅಡ್ಡಡ್ಡ ಓಡುವ ಅಲಗು. ತಂತಿಯ ಅಯಸ್ಕಾಂತ ಮಾದರಿ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 6,000 ಸಲ ಓಡುತ್ತದೆ. ದಿನವಿಡೀ ದುಡಿದರೂ ಬಾಳುತ್ತದೆ. ಆದರೆ ಕರೆಂಟ್ ಹೋದರೆ ಅರ್ಧ ತಲೆಗೆ ನಿಲ್ಲುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ, ಹಳ್ಳಿಗಳಲ್ಲಿ ಅಂಗಡಿ ಇಡುವವರಿಗೆ ಲಿಥಿಯಂ ಬ್ಯಾಟರಿಯ ಮಷೀನೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅಲಗಿನ ಮೇಲೆ ಸಿಕ್ಕಿಸುವ ಬಾಚಣಿಗೆಯಂಥ ಗಾರ್ಡ್‌ಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ. 1 ಎಂದರೆ 3 ಮಿ.ಮೀ., 2 ಎಂದರೆ 6, 3 ಎಂದರೆ 10, 4 ಎಂದರೆ 13. 8ನೇದು ಸುಮಾರು 25 ಮಿ.ಮೀ. ಬಿಡುತ್ತದೆ. ಪಕ್ಕದ ಸನ್ನೆಯನ್ನು ಇಳಿಸಿದರೆ ಒಂದೇ ಗಾರ್ಡ್‌ನಲ್ಲಿ ತುಸು ಉದ್ದ ಉಳಿಯುತ್ತದೆ. ಫೇಡ್ ಮಾಡುವವರಿಗೆ ಎರಡು ಗಾರ್ಡ್‌ಗಳ ನಡುವಿನ ಗೆರೆ ಕರಗಿಸಲು ಬೇಕಾದದ್ದು ಇದೇ. ಸಂಖ್ಯೆ ತಿಳಿಯದ ತಲೆಗೆ ದೊಡ್ಡ ಗಾರ್ಡ್‌ನಿಂದ ಶುರು ಮಾಡಿ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. 4ರ ಬದಲು 2 ಹಾಕಿಬಿಟ್ಟರೆ ಆ ಗ್ರಾಹಕ ಮೂರು ವಾರ ಕಾಯಬೇಕು.

ಗಾರ್ಡ್ ಇಲ್ಲದೆ ಓಡಿಸುವಾಗ ಮೇಲಿನ ಅಲಗಿನ ಹಲ್ಲುಗಳು ಕೆಳಗಿನದಕ್ಕಿಂತ ಒಂಚೂರು ಹಿಂದೆ ಇವೆಯೇ ನೋಡಿ. ಮುಂದೆ ಬಂದಿದ್ದರೆ ಚರ್ಮ ಸೀಳುತ್ತದೆ. ಅಲಗು ಬಿಚ್ಚಿ ಜೋಡಿಸಿದಾಗಲೆಲ್ಲ ಮೊದಲು ನಿಮ್ಮ ಮುಂಗೈ ಮೇಲೆ ಮುಟ್ಟಿಸಿ ಪರೀಕ್ಷಿಸಿ.

ಎಣ್ಣೆಯ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ರೂಢಿ ಇದೆ. ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನೇ ಮಷೀನಿಗೂ ಬಿಡುತ್ತಾರೆ. ಅದು ಚಳಿಗೆ ಗಟ್ಟಿಯಾಗುತ್ತದೆ, ಕೂದಲ ಪುಡಿಯೊಂದಿಗೆ ಸೇರಿ ಜಿಗುಟಾಗುತ್ತದೆ. ಮಷೀನಿನ ಎಣ್ಣೆಯೇ ಬೇಕು, ಎರಡು ಮೂರು ಹನಿ, ಮಷೀನ್ ಓಡುತ್ತಿರುವಾಗ, ಹೆಚ್ಚಾದದ್ದನ್ನು ಒರೆಸಬೇಕು. ತಲೆ ತುಂಬ ಎಣ್ಣೆ ಬಳಿದುಕೊಂಡು ಬರುವ ಗ್ರಾಹಕರೂ ಬೇಕಾದಷ್ಟಿದ್ದಾರೆ. ಹಾಗೇ ಮಷೀನ್ ಹಚ್ಚಿದರೆ ಗಾರ್ಡ್ ಕಟ್ಟಿಕೊಂಡು ಕೂದಲು ತೇಪೆ ತೇಪೆಯಾಗಿ ಉಳಿಯುತ್ತದೆ. ಮೊದಲು ತಲೆ ತೊಳೆಯಿರಿ, ಒರೆಸಿ, ಆಮೇಲೆ ಕೆಲಸ.

ಟ್ರಿಮ್ಮರ್ ಚಿಕ್ಕ ಮಷೀನಲ್ಲ, ಅದರ ಕೆಲಸವೇ ಬೇರೆ. ಸೈಡ್ ಲಾಕ್, ಕಿವಿಯ ಸುತ್ತು, ಹೆಕ್ಕತ್ತಿನ ಅಂಚು, ಗಡ್ಡದ ಗೆರೆ ಇಷ್ಟಕ್ಕೇ ಅದು. ತಲೆಪೂರ್ತಿ ಅದರಿಂದ ಕತ್ತರಿಸಲು ಹೋದರೆ ಮೋಟಾರ್ ಕಾಯುತ್ತದೆ, ಗ್ರಾಹಕನ ಕೂದಲು ಕಿತ್ತುಬರುತ್ತದೆ.

ಕ್ಷೌರಕತ್ತಿ: ಇಲ್ಲಿ ರಾಜಿ ಇಲ್ಲ

ಹಳೆಯ ಕಾಲದ ಮಡಚುವ ಕತ್ತಿಯನ್ನು ಸಾಣೆಕಲ್ಲಿಗೆ ಉಜ್ಜಿ, ಚರ್ಮದ ಪಟ್ಟಿಗೆ ಹದ ಮಾಡಿ, ಒಂದೇ ಅಲಗಿನಲ್ಲಿ ಊರಿಗೆಲ್ಲ ಕ್ಷೌರ ಮಾಡುತ್ತಿದ್ದರು. ಆ ಕುಶಲತೆ ದೊಡ್ಡದು, ಆದರೆ ಅಂಗಡಿಯಲ್ಲಿ ಇಂದು ಅದಕ್ಕೆ ಜಾಗವಿಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದಿಂದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ, ಕನಿಷ್ಠ 7 ದಿನ ಬದುಕಿರಬಲ್ಲದು. ಆದ್ದರಿಂದ ಬ್ಲೇಡ್ ಬದಲಿಸುವ ಹಿಡಿಯನ್ನೇ ಬಳಸಿ. ಒಂದು ಬ್ಲೇಡನ್ನು ಕಾಗದದೊಳಗೇ ಮಡಚಿ ಎರಡಾಗಿ ಮುರಿದರೆ ಇಬ್ಬರಿಗೆ ಆಗುತ್ತದೆ. ಒಬ್ಬ ಗ್ರಾಹಕನಿಗೆ ಒಂದು ತುಂಡು. ಪೊಟ್ಟಣವನ್ನು ಅವರ ಕಣ್ಣೆದುರೇ ಒಡೆಯಿರಿ.

ಚರ್ಮವನ್ನು ಇನ್ನೊಂದು ಕೈಯಿಂದ ಎಳೆದು ಹಿಡಿದು, ಬ್ಲೇಡನ್ನು ಸುಮಾರು 30 ಡಿಗ್ರಿ ಓರೆಯಲ್ಲಿ, ಕೂದಲು ಬೆಳೆದ ದಿಕ್ಕಿಗೆ ಸಾಗಿಸಿ. ಗಾಯವಾದರೆ ಚೊಕ್ಕ ಹತ್ತಿಯಿಂದ ಒತ್ತಿ ಹಿಡಿಯಿರಿ. ಒಂದೇ ಪಟಿಕದ ಗಟ್ಟಿಯನ್ನು ಎಲ್ಲರ ಮುಖಕ್ಕೂ ಉಜ್ಜುವುದನ್ನು ಇಂದೇ ಬಿಡಿ. ಹತ್ತಿಯನ್ನು ಪಟಿಕದ ಪುಡಿಯಲ್ಲಿ ಅದ್ದಿ ಹಚ್ಚಿ, ಆ ಹತ್ತಿಯನ್ನು ಎಸೆಯಿರಿ. ಬಳಸಿದ ಬ್ಲೇಡುಗಳಿಗೆ ಮುಚ್ಚಳದಲ್ಲಿ ಸೀಳು ಮಾಡಿದ ದಪ್ಪ ಡಬ್ಬಿ ಇಡಿ. ಅವು ಕಸದ ಚೀಲಕ್ಕೆ ಬಿದ್ದರೆ ಪೌರಕಾರ್ಮಿಕರ ಕೈ ಕುಯ್ಯುತ್ತವೆ. ಮತ್ತು ನೀವು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಆರು ತಿಂಗಳ ಅವಧಿಯಲ್ಲಿ ಮೂರು ಚುಚ್ಚುಮದ್ದು.

ಉಳಿದ ಸಾಮಾನು

ನೀರು ಚಿಮುಕಿಸುವ ಬಾಟಲಿ, ಕೂದಲು ಹಿಡಿದಿಡುವ ಕ್ಲಿಪ್‌ಗಳು, ಹೊದಿಸುವ ಬಟ್ಟೆ, ಕುತ್ತಿಗೆಯ ಕಾಗದದ ಪಟ್ಟಿ, ಕೈಗನ್ನಡಿ. ಕಾಗದದ ಪಟ್ಟಿಯನ್ನು ಹಲವರು ದಂಡದ ಖರ್ಚು ಎಂದುಕೊಂಡಿದ್ದಾರೆ. ಹೊದಿಕೆ ಬಟ್ಟೆ ಒಬ್ಬರ ಕುತ್ತಿಗೆಯಿಂದ ಇನ್ನೊಬ್ಬರ ಕುತ್ತಿಗೆಗೆ ಹುಳುಕಡ್ಡಿ ಸಾಗಿಸದಂತೆ ತಡೆಯುವುದು ಅದೇ.

ಹೇರ್ ಡ್ರೈಯರ್ ಅನ್ನು ತಲೆಯಿಂದ ಒಂದು ಗೇಣು ದೂರ ಹಿಡಿದು, ಬುಡದಿಂದ ತುದಿಯ ಕಡೆಗೆ ಗಾಳಿ ಬಿಡಿ. ದುಂಡನೆಯ ಬ್ರಷ್ ಕೂದಲಿಗೆ ಉಬ್ಬು ಕೊಡುತ್ತದೆ. ಕೂದಲು ನೆಟ್ಟಗೆ ಮಾಡುವ ಬಿಸಿ ಪಟ್ಟಿಯನ್ನು ಪೂರ್ತಿ ಒಣಗಿದ ಕೂದಲಿಗೆ ಮಾತ್ರ ಹಾಕಬೇಕು. ಉಷ್ಣಾಂಶ ತೋರಿಸುವಂಥದ್ದನ್ನೇ ಕೊಂಡು, ತೆಳು ಕೂದಲಿಗೆ 150 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಿ. ಇವೆಲ್ಲ ಎರಡನೇ ಕಂತಿನ ಖರೀದಿ. ತಲೆ ತೊಳೆಯುವ ಬೇಸಿನ್ ಇಟ್ಟರೆ ಅಂಚಿಗೆ ಮಡಚಿದ ಟವೆಲ್ ಹಾಕಿ. ಕುತ್ತಿಗೆ ಅತಿಯಾಗಿ ಹಿಂದಕ್ಕೆ ಬಾಗಿದರೆ ಮೆದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಬಹುದೆಂದು ಅಮೆರಿಕದ ವೈದ್ಯರು 1993ರಲ್ಲೇ ವರದಿ ಮಾಡಿದ್ದಾರೆ. ಕುತ್ತಿಗೆಯನ್ನು ತಿರುಚಿ ಲಟಿಕೆ ತೆಗೆಯುವ ಮಸಾಜಿಗೂ ಇದೇ ಅಪಾಯವಿದೆ. ಗ್ರಾಹಕ ಕೇಳಿದರೂ ಮಾಡಬೇಡಿ.

ಒಂದು ತಲೆ, ಮೊದಲಿನಿಂದ ಕೊನೆಗೆ

ಕಾಗದದ ಪಟ್ಟಿ ಸುತ್ತಿ, ಬಟ್ಟೆ ಹೊದಿಸಿ. ಒಣಗಿದ ಕೂದಲನ್ನೇ ಮೊದಲು ಬಾಚಿ, ನೆತ್ತಿಯ ಸುಳಿ ಯಾವ ಕಡೆಗಿದೆ ನೋಡಿ. ಸುಳಿಯ ಹತ್ತಿರ ಕೂದಲನ್ನು ಉಳಿದ ಕಡೆಗಿಂತ ತುಸು ಉದ್ದವೇ ಬಿಡಬೇಕು, ಇಲ್ಲದಿದ್ದರೆ ಎದ್ದು ನಿಲ್ಲುತ್ತದೆ. ಮೇಲಿನ ಕೂದಲನ್ನು ಕ್ಲಿಪ್‌ನಿಂದ ಎತ್ತಿ ಕಟ್ಟಿ, ಪಕ್ಕ ಮತ್ತು ಹಿಂಭಾಗಕ್ಕೆ ದೊಡ್ಡ ಗಾರ್ಡ್‌ನಿಂದ ಚಿಕ್ಕದಕ್ಕೆ ಬನ್ನಿ. ಕ್ಲಿಪ್ ಬಿಚ್ಚಿ, ನೀರು ಚಿಮುಕಿಸಿ, ಬೆರಳ ನಡುವೆ ಕೂದಲು ಹಿಡಿದು ಕತ್ತರಿಸಿ. ಪಕ್ಕ ಮತ್ತು ಮೇಲ್ಭಾಗ ಸೇರುವ ಗೆರೆಯನ್ನು ಬಾಚಣಿಗೆಯ ಮೇಲೆ ಕತ್ತರಿ ಓಡಿಸಿ ಸರಿಮಾಡಿ. ಒಣಗಿಸಿ ನೋಡಿ, ಒದ್ದೆಯಲ್ಲಿ ಕಾಣದ ಭಾರ ಆಗ ಕಾಣುತ್ತದೆ. ತೆಳುಗೊಳಿಸುವ ಕತ್ತರಿಯ ಸರದಿ ಆಗಲೇ. ಕೊನೆಗೆ ಟ್ರಿಮ್ಮರ್, ಬೇಕಿದ್ದರೆ ಹೊಸ ಬ್ಲೇಡು, ಆಮೇಲೆ ಕೈಗನ್ನಡಿ ಹಿಡಿದು ಹಿಂಭಾಗ ತೋರಿಸುವುದು.

ಗ್ರಾಹಕ ಎದ್ದ ಮೇಲೆ

ಸಲಕರಣೆಯಿಂದ ಕೂದಲು ಕೊಡವಿ, ಸೋಪು ನೀರಿನಲ್ಲಿ ತೊಳೆಯಿರಿ. ಎಣ್ಣೆ, ಹೊಟ್ಟು ಉಳಿದಿದ್ದರೆ ಯಾವ ಸೋಂಕುನಿವಾರಕವೂ ಒಳಗೆ ಮುಟ್ಟುವುದಿಲ್ಲ. ಬಾಚಣಿಗೆ, ಗಾರ್ಡ್‌ಗಳನ್ನು ಸೋಂಕುನಿವಾರಕ ದ್ರಾವಣದಲ್ಲಿ 10 ನಿಮಿಷ ಮುಳುಗಿಸಿಡಿ. ಕತ್ತರಿ ಮತ್ತು ಮಷೀನಿನ ಅಲಗಿಗೆ ಬ್ಲೀಚ್ ಬೇಡ, ಉಕ್ಕನ್ನು ತಿನ್ನುತ್ತದೆ. ಶೇ 70ರ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಆರಿದ ಮೇಲೆಯೇ ಸ್ವಿಚ್ ಒತ್ತಿ, ಎಣ್ಣೆ ಹಾಕಿ. ಶೇ 99ರದ್ದು ಇನ್ನೂ ಒಳ್ಳೆಯದೆಂದು ದುಬಾರಿ ಬಾಟಲಿ ತರಬೇಡಿ. ನೀರಿನ ಅಂಶವಿದ್ದರೇ ಅದು ರೋಗಾಣುವನ್ನು ಚೆನ್ನಾಗಿ ಕೊಲ್ಲುತ್ತದೆ. ನೀಲಿ ದೀಪದ ಯುವಿ ಪೆಟ್ಟಿಗೆ ಶುದ್ಧ ಸಾಮಾನನ್ನು ಇಡುವ ಜಾಗ ಅಷ್ಟೆ. ಬೆಳಕು ಬೀಳದ ಮಗ್ಗುಲಿಗೆ ಅದರಿಂದ ಏನೂ ಆಗುವುದಿಲ್ಲ.

ಹಣ ಎಲ್ಲಿಂದ?

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಸೇರಿದೆ. 18 ವರ್ಷ ತುಂಬಿದವರು, ಒಂದು ಕುಟುಂಬದಿಂದ ಒಬ್ಬರು, ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ಕೊಟ್ಟು ನೋಂದಾಯಿಸಬಹುದು. ತರಬೇತಿಯ ದಿನಗಳಿಗೆ 500 ರೂಪಾಯಿಯಂತೆ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗಿನ ಇ-ವೋಚರ್, ನಂತರ ಶೇ 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿದೆ. ಸಲಕರಣೆಗೆ ಎಷ್ಟೇ ಹಣ ಕೈಗೆ ಬಂದರೂ ಅದರ ಅರ್ಧವನ್ನು ಕತ್ತರಿ ಮತ್ತು ಮಷೀನಿಗೇ ಎತ್ತಿಡಿ. ಮಿಕ್ಕಿದ್ದರಲ್ಲಿ ಬಾಚಣಿಗೆ, ಬ್ಲೇಡು, ಸೋಂಕುನಿವಾರಕ ಕೊಳ್ಳಿ. ಬಣ್ಣದ ದೀಪ ಮುಂದಿನ ವರ್ಷಕ್ಕಿರಲಿ.